ಮೊಗಲಾಯಿಗೆ ಹೋದ ಬುತ್ತಿ

ಸೊಲ್ಲಾಪುರ

ಪರದೇಶಕ್ಕೆ ಹೋಗಲು ಹಡಗು ಹತ್ತಲೇಬೇಕು ಎಂದು ತಿಳಿದವರು ನಮ್ಮ ಕಡೆ ಒಮ್ಮೆ ಬರಬೇಕು. ಸೊಲ್ಲಾಪುರದಲ್ಲಿ ಇಂಗ್ರೇಜಿ ಸರಕಾರ. ಮುಂಜಾನೆ ರೊಟ್ಟಿ ತಿಂದು ಮೋಟಾರು ಹತ್ತಿದರೆ ಬಿಸಿಲೇರುವ ಹೊತ್ತಿಗೆ ಅಕ್ಕಲಕೋಟೆ ರಾಜರ ಸಂಸ್ಥಾನ. ಅಲ್ಲಿಂದ ಇನ್ನಷ್ಟು ಧೂಳು ಕುಡಿದರೆ ನಿಜಾಮರ ರಾಜ್ಯ, ನಮ್ಮ ಬಾಯಲ್ಲಿ ಮೊಗಲಾಯಿ. ಅಲ್ಲಿ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ಗಡಿಯಲ್ಲಿ ಗಂಟು ಬಿಚ್ಚಿಸಿ ನೋಡುವ ನಾಕಾ ಬೇರೆ. ಮೂರು ಸರಕಾರಗಳನ್ನು ಒಂದೇ ದಿನದಲ್ಲಿ ಕಂಡವಳು ನಾನು. ವಿಲಾಯತಿಗೆ ಹೋಗಿ ಬಂದವರು ನನ್ನ ಮುಂದೆ ಹೆಚ್ಚು ಮೀಸೆ ತಿರುವಬಾರದು.

ನಾವು ಹೊರಟದ್ದು ಹೈದರಾಬಾದಿಗೆ, ಮದುವೆಗೆ. ನನ್ನ ಮಾವನವರ ಒಬ್ಬಳೇ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದಾರೆ. ಆಕೆಯ ಕಿರಿಮಗಳ ಲಗ್ನ. ನಮ್ಮಲ್ಲಿ ಅಕ್ಕಿಕಾಳು ಬೀಳುವವರೆಗೆ ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಂತಿರಬೇಕು. ಅವನು ಇಲ್ಲದಿದ್ದರೆ ತಾಯಿಗೆ ತವರೇ ಇಲ್ಲವೆಂದು ಜನ ಆಡಿಕೊಳ್ಳುತ್ತಾರೆ. ಆ ಹುಡುಗಿಗೆ ಇದ್ದ ಸೋದರಮಾವ ಒಬ್ಬರೇ, ಅಕ್ಕಲಕೋಟೆಯ ಹೊಲಮನೆಯಲ್ಲಿರುವ ನಮ್ಮ ಮಾವನವರು. ಮಾವನವರಿಗೆ ಇದ್ದ ವೈರಿಯೂ ಒಬ್ಬನೇ, ಅವರ ಹೊಟ್ಟೆ. ಹೊಟ್ಟೆಯೊಳಗೆ ಹುಣ್ಣು. ಎಣ್ಣೆ ಬಿದ್ದರೆ ಉರಿ, ಖಾರ ಬಿದ್ದರೆ ಬೆಂಕಿ. ನಾಲಗೆ ಮಾತ್ರ ಮೆಣಸಿನಕಾಯಿ ಭಜಿಗೆ ಅಡವಿಟ್ಟದ್ದು.

ಹಿಂದಿನ ವರ್ಷ ಅವರು ತಂಗಿಯನ್ನು ನೋಡಲು ರೈಲಿನಲ್ಲಿ ಹೊರಟಿದ್ದರು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ಎದುರಿಗೆ ಭಜಿ ಕರಿಯುತ್ತಿದ್ದರು. ಮಾವನವರು ಹೈದರಾಬಾದಿನ ಗಾಡಿ ಹತ್ತಲೇ ಇಲ್ಲ. ಅಲ್ಲಿಂದಲೇ ಅವರನ್ನು ಮಲಗಿಸಿಕೊಂಡು ತಿರುಗಿ ಕರೆತಂದರು. ತಂಗಿ ಬಾಗಿಲಲ್ಲಿ ರಂಗೋಲಿ ಹಾಕಿ ಕಾದದ್ದೇ ಬಂತು.

ಹೀಗಾಗಿ ಈ ಸಲ ನನ್ನ ಭಾವನವರು, ಎಂದರೆ ನಮ್ಮವರ ಅಣ್ಣ, ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಅರಿವೆ ವ್ಯಾಪಾರದ ಗಾದಿಯ ಮೇಲೆ ಕುಳಿತ ಮನುಷ್ಯ, ಮಾತನ್ನೂ ಗಜ ಹಿಡಿದು ಅಳೆದೇ ಕೊಡುತ್ತಾರೆ.

"ಅಪ್ಪ ಹೋಗೂದು ಬ್ಯಾಡ. ಅವನ ಹೆಸರಲೆ ನಾನs ಹೋಗಿ ನಿಂದರ್ತೀನಿ."

ಭಾವನವರ ಎದುರು ನಿಂತು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅಡುಗೆ ಮನೆಯ ಬಾಗಿಲ ಮರೆಯಿಂದ ಮಾತಾಡುತ್ತೇನೆ. ನನ್ನ ದನಿ ತಡೆಯುವಷ್ಟು ದಪ್ಪದ ಬಾಗಿಲನ್ನು ಯಾವ ಬಡಿಗನೂ ಇನ್ನೂ ಮಾಡಿಲ್ಲ.

"ಭಾವಾರ, ಹೈದರಾಬಾದ ಅತ್ತಿಯಾರು ಕರದದ್ದು ತಮ್ಮ ಅಣ್ಣಗ. ಅಣ್ಣನ ಮಗಗ ಅಲ್ಲ. ರೈಲು ಭಜಿ ಕರಿಯೋ ಕಡೆ ನಿಂದರ್ತದ, ಮೋಟಾರು ನಾವು ಹೇಳಿದ ಕಡೆ ನಿಂದರ್ತದ. ನಿಮ್ಮ ತಮ್ಮಾರು ಮೋಟಾರ ನಡಸ್ಲಿ. ಬುತ್ತಿ ನಾ ಕಟ್ತೀನಿ, ಜೋಡಿ ನಾನೂ ಹೋಗ್ತೀನಿ."

"ಹಾದ್ಯಾಗ ಅಪ್ಪ ಮಲಗಿದ್ರ?"

"ಮಾವಾರು ಮಂಟಪದಾಗ ತಮ್ಮ ಕಾಲ ಮ್ಯಾಲ ನಿಂದರಲಿಲ್ಲಂದ್ರ, ಈ ಮನ್ಯಾಗ ನಾ ಮತ್ತ ಒಲಿ ಹಚ್ಚೂದಿಲ್ಲ. ಉಗ್ರಾಣದ ಕೀಲಿ ನಿಮ್ಮ ಕೈಯಾಗ ಕೊಡ್ತೀನಿ."

ಆಡಿದ ಮೇಲೆ ಆಡಬಾರದಿತ್ತು ಎನಿಸಿತು. ಆದರೆ ಬಾಯಿಂದ ಬಿದ್ದ ಮಾತು, ಒಡೆದ ಮುತ್ತು. ಭಾವನವರು "ನಕ್ಕಿ" ಎಂದು ಮಾತು ಗಟ್ಟಿ ಮಾಡಿದರು. ಮೋಟಾರಿನ ಕೀಲಿ ನಮ್ಮವರ ಕೈಗೆ ಬಂತು.

ಇನ್ನು ಬುತ್ತಿ. ಎಣ್ಣೆ ಇಲ್ಲ, ಮೆಣಸಿನಕಾಯಿ ಇಲ್ಲ, ಆದರೂ ಮಾವನವರ ನಾಲಗೆ ಬೇರೆ ಕಡೆ ಹೊರಳಬಾರದು. ಹಾಲಲ್ಲೇ ಹಿಟ್ಟು ನಾದಿ ಜೋಳದ ದಶಮಿ ಬಡಿದೆ. ದಿನವೆರಡಾದರೂ ಅದು ಮೆತ್ತಗೇ ಇರುತ್ತದೆ. ಜೋಳವನ್ನು ಅರಳಿಸಿ, ಬೀಸಿ, ಅಳ್ಳಿಟ್ಟು ಮಾಡಿದೆ; ಮಜ್ಜಿಗೆಯಲ್ಲಿ ಕಲಸಿದರೆ ಹೊಟ್ಟೆ ತಣ್ಣಗಾಗುತ್ತದೆ. ಹುರಿದ ಹೆಸರಿನ ಉಂಡಿ, ಪುಟಾಣಿ, ಎಳೆ ಸೌತೆಕಾಯಿ. ಕೊನೆಗೆ ಗುರೆಳ್ಳು ಹುರಿದು, ಜೀರಿಗೆ ಉಪ್ಪು ಹಾಕಿ, ಖಾರವಿಲ್ಲದ ಕಪ್ಪು ಪುಡಿ. ಸೊಲ್ಲಾಪುರದಲ್ಲಿ ಖಾರವಿಲ್ಲದ ಚಟ್ನಿ ಕುಟ್ಟುವುದೆಂದರೆ ನೆರೆಮನೆಗೆ ಗೊತ್ತಾಗದಂತೆ ಕುಟ್ಟಬೇಕು, ಮಾನದ ಪ್ರಶ್ನೆ. ಎಲ್ಲವನ್ನೂ ನನ್ನ ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಕಟ್ಟಿ ಗಂಟು ಹಾಕಿದೆ. ಮಜ್ಜಿಗೆಗೆ ಒಂದು ಗಡಿಗೆ, ನೀರಿಗೆ ಒಂದು ಗಡಿಗೆ.

ಒಂದನ್ನು ಮಾತ್ರ ಮರೆತಿದ್ದೆ. ದೂರದ ಮುಲುಕಿಗೆ ಹೊರಟವರಿಗೆ ಓಣಿಯ ಮನೆಮನೆಯವರೂ ಬುತ್ತಿ ಕಟ್ಟಿ ಕೊಡುವುದು ನಮ್ಮಲ್ಲಿ ರೂಢಿ. ಬುತ್ತಿ ಒಲ್ಲೆ ಎಂದರೆ ಹರಕೆಯನ್ನೇ ಒಲ್ಲೆ ಎಂದಂತೆ. ಹೊರಡುವ ಮುಂಜಾನೆ ಬಾಗಿಲಲ್ಲಿ ಜನವೋ ಜನ. ಒಬ್ಬರು ಚಕ್ಕಲಿ ತಂದರು, ಒಬ್ಬರು ಕರಜಿಕಾಯಿ, ಒಬ್ಬರು ಪುರಿ, ಮತ್ತೊಬ್ಬರು ಎಣ್ಣೆ ಒಸರುವ ಕೆಂಪು ಶೇಂಗಾ ಚಟ್ನಿ. "ಮಾವಾರಿಗಿ ಭಾಳ ಸೇರ್ತದಂತ ಎರಡ ಹಿಡಿ ಖಾರ ಹೆಚ್ಚs ಹಾಕೀನಿ ನೋಡವಾ" ಎಂದು ಪ್ರೀತಿಯಿಂದ ಹೇಳಿದರು. ನಾನು ಕೈಮುಗಿದು ಇಸಿದುಕೊಂಡೆ. ಮೆಟ್ಟಿಲ ಮೇಲೆ ನಿಂತ ಭಾವನವರು ಮೀಸೆಯೊಳಗೆ ನಕ್ಕರು. ವೈರಿಯ ದಂಡನ್ನು ನಾನೇ ಮೋಟಾರಿನಲ್ಲಿ ಕೂಡಿಸಿಕೊಂಡು ಹೊರಟ ಹಾಗಾಯಿತು.

ಕುಂಭಾರಿ

ನನ್ನ ತವರು ಮಂದ್ರೂಪ, ಒಕ್ಕಲುತನದ ಮನೆ. ಹಿಂದಿನ ಸೀಟಿನಲ್ಲಿ ಎಣ್ಣೆಯ ವಾಸನೆಯ ನಡುವೆ ಮುದುಡಿ ಕುಳಿತಾಗ ಅವ್ವನ ಮಾತು ನೆನಪಾಯಿತು: ಬುತ್ತಿ ಬಿಚ್ಚಿದಲ್ಲಿ ಕಂಡವರಿಗೆ ಮೊದಲು, ಕಟ್ಟಿದವರಿಗೆ ಆಮೇಲೆ. ರೂಢಿ ತಂದ ಪೇಚಿಗೆ ರೂಢಿಯಲ್ಲೇ ಮದ್ದಿತ್ತು. ಅಕ್ಕಲಕೋಟೆ ಮುಟ್ಟುವ ಮೊದಲೇ, ಮಾವನವರು ಮೋಟಾರು ಹತ್ತುವ ಮೊದಲೇ, ಮಂದಿಯ ಬುತ್ತಿ ಬಿಚ್ಚಬೇಕು, ಅದೂ ಜನರ ನಡುವೆ.

ಕುಂಭಾರಿಯ ಹತ್ತಿರ ಜೋಳ ಕೀಳುವ ಹೆಣ್ಣುಮಕ್ಕಳು ಬೇವಿನ ನೆರಳಲ್ಲಿ ಕುಳಿತಿದ್ದರು. "ನಿಂದರಸ್ರಿ" ಎಂದೆ.

ನಮ್ಮವರು ಗಾಬರಿಯಾದರು. "ಈಗರೆ ಹೊಂಟೀವಿ. ಆಗಲೇ ಹಸಿವಿ ಆತೇನ?"

"ನೀವು ಮೋಟಾರ ನಡಸ್ರಿ. ಧರ್ಮ ನಾ ನಡಸ್ತೀನಿ."

ಚಕ್ಕಲಿ, ಪುರಿ, ಕರಜಿಕಾಯಿ, ಶೇಂಗಾ ಚಟ್ನಿ, ಒಂದೊಂದೇ ಗಂಟು ಬಿಚ್ಚಿ ಹಂಚಿದೆ. ಒಬ್ಬ ಮುದುಕಿ ಚಕ್ಕಲಿಯನ್ನು ದವಡೆಯಲ್ಲಿ ನೆನೆಸುತ್ತ ಕೇಳಿದಳು, "ಎಲ್ಲಿಗಿ ಹೊಂಟಿ ಮಗಳ?"

"ಮೊಗಲಾಯಿಗಿ ಆಯಿ."

"ಅಲ್ಲೀನೂ ಜ್ವಾಳಾನs ಬೆಳೀತಾರೇನ?"

"ನೋಡಿ ಬಂದು ಹೇಳ್ತೀನಿ."

"ಖಾಲಿ ಅರಿವಿ ಒಯ್ಯಬಾರದ ತಂಗಿ" ಎಂದು ಆಕೆ ಬಿಚ್ಚಿದ ಅರಿವೆಯಲ್ಲಿ ಹಸಿ ಕಡಲೆಯ ಸುಲಗಾಯಿ ತುಂಬಿ ಕೊಟ್ಟಳು. ಕರಿದದ್ದು ಕೊಟ್ಟು ಹಸಿರು ತಂದೆ. ಇಂಥ ವ್ಯಾಪಾರ ಭಾವನವರಿಗೂ ಗಿಟ್ಟಿರಲಿಕ್ಕಿಲ್ಲ.

ಅಕ್ಕಲಕೋಟೆ

ಮಾವನವರು ಹೊಲಮನೆ ಎಂದು ಇರುವುದು ಅಕ್ಕಲಕೋಟೆಯಲ್ಲೇ. ಕಟ್ಟೆಯ ಮೇಲೆ ಕೋಟು, ರುಮಾಲು, ಕೋಲು ಸಮೇತ ತಯಾರಾಗಿ ಕುಳಿತಿದ್ದರು. ಕೋಟು ದೊಡ್ಡದಾಗಿತ್ತು, ಒಳಗಿನ ಮನುಷ್ಯ ಇಳಿದಿದ್ದರು. ನಾನು ಮದುಮಗಳಾಗಿ ಬಂದ ಹೊಸತರಲ್ಲಿ ಬಡಿದ ಮೊದಲ ರೊಟ್ಟಿ ಹರಿದು ಚಿಂದಿಯಾಗಿತ್ತು. ಎಲ್ಲರೂ ನಕ್ಕಾಗ ಇವರು ಅದನ್ನೇ ತಾಟಿಗೆ ಹಾಕಿಸಿಕೊಂಡು, "ರೊಟ್ಟಿ ಹರಿದ್ರ ಹಲ್ಲಿಗಿ ಕೆಲಸ ಕಡಿಮಿ" ಎಂದಿದ್ದರು. ಆ ಮನುಷ್ಯನಿಗಾಗಿ ಉಗ್ರಾಣದ ಕೀಲಿಯಲ್ಲ, ಏನನ್ನು ಬೇಕಾದರೂ ಪಣಕ್ಕಿಡುತ್ತೇನೆ.

"ಕಾಶವ್ವಾ, ಬುತ್ತ್ಯಾಗ ಏನೇನ ಅದ?" ಮೊದಲ ಪ್ರಶ್ನೆಯೇ ಅದು.

ಹೇಳಿದೆ. ಅವರ ಮುಖ ಹಾಗಲಕಾಯಿಯಾಯಿತು. "ದನಕ್ಕ ಕಟ್ಟೀದೇನವಾ, ಮನಷ್ಯಾರಿಗಿ ಕಟ್ಟೀದಿ?"

ಅಷ್ಟರಲ್ಲಿ ಅಲ್ಲಿನ ಓಣಿಯವರೂ ಬುತ್ತಿ ಹಿಡಿದು ಬಂದರು. ಮತ್ತೆ ಚಕ್ಕಲಿ, ಮತ್ತೆ ಶೇಂಗಾ ಚಟ್ನಿ. ನಾನು ಅದನ್ನೆಲ್ಲ ನನ್ನ ಕಾಲ ಬುಡದಲ್ಲಿ ಇಟ್ಟುಕೊಂಡೆ. ಹೊರಡುವಾಗ ಮಾವನವರು, "ಮಠಕ್ಕ ಹೋಗಿ ಕೈಮುಗದು ಬರ್ತೀನಿ" ಎಂದು ಕೋಲೂರಿಕೊಂಡು ಹೋದರು. ಬರುವಾಗ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡೇ ಬಂದರು. ಭಕ್ತಿ ಎಂದುಕೊಂಡೆ.

ಊರು ದಾಟಿದ ಮೇಲೆ ಅವರು ಹಿಂದೆ ತಿರುಗದೇ ಮೆಲ್ಲಗೆ ಹೇಳಿದರು, "ಹೋದ ವರ್ಷ ಅಕಿ ಮನಿ ಬಾಗಲಾ ಸುದ್ದಾ ನಾ ಕಾಣಲಿಲ್ಲ. ಬರೂಮುಂದ ಮಲಗಿಸಿಕೊಂಡು ತರ್ರಿ ಬೇಕಾದ್ರ. ಹೋಗೂಮುಂದ ನಾ ನಿಂತs ಹೋಗಬೇಕು."

ಸುಲಗಾಯಿ ಸುಲಿದು ಸುಲಿದು ಅವರ ಕೈಗೆ ಕೊಡುತ್ತ ಕುಳಿತೆ.

ನಾಕಾ

ನಳದುರ್ಗದ ಹಾದಿಯಲ್ಲಿ ಮೊಗಲಾಯಿ ಶುರುವಾಗುವಲ್ಲಿ ದಾರಿಗೆ ಅಡ್ಡ ಬೊಂಬು. ಹೊಲ ಅದೇ, ಕರಿ ಮಣ್ಣು ಅದೇ. ಗಡಿ ದಾಟಿದ್ದು ಜೋಳಕ್ಕೆ ಗೊತ್ತೇ ಇರಲಿಲ್ಲ. ಮನುಷ್ಯರಿಗೆ ಮಾತ್ರ ಗೊತ್ತಿತ್ತು. ತುರ್ಕಿ ಟೋಪಿ, ಕೊರಳ ತನಕ ಗುಂಡಿ ಹಾಕಿದ ಶೇರವಾನಿಯ ಅಧಿಕಾರಿ ಕುರ್ಚಿಯ ಮೇಲೆ ಕುಳಿತಿದ್ದರು. ನಮ್ಮ ಕಡೆಯ ಸಾಹೇಬರು ಕೂಗಿ ಕೇಳುತ್ತಾರೆ. ಇಲ್ಲಿಯವರು ಮೊದಲು ಆದಾಬ್ ಮಾಡಿ, ಕ್ಷೇಮ ಕೇಳಿ, ಆಮೇಲೆ ಗಂಟು ಬಿಚ್ಚಿಸಿದರು. ಇಷ್ಟು ಮರ್ಯಾದೆಯ ಜಪ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮದುವೆಯ ಸೀರೆಗಳಾದವು. ಸುಂಕ ಕಟ್ಟಿದ್ದಾಯಿತು. ನನ್ನ ಗುರೆಳ್ಳಿನ ಕಪ್ಪು ಪುಡಿಯ ಡಬ್ಬಿ ತೆರೆದಾಗ ಸಿಪಾಯಿ ಸಿಡಿಮದ್ದೆಂದು ಎರಡು ಹೆಜ್ಜೆ ಹಿಂದೆ ಸರಿದ.

"ಬಾರೂದ್?"

ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. "ಬಾರೂದ ಅಲ್ರಿ, ಗುರೆಳ್ಳು. ಹಾರಿದ್ರ ನಾನs ಮೊದಲ ಹಾರ್ತೀನಿ."

ಅಧಿಕಾರಿಗೆ ನಮ್ಮ ಮಾತು ಬರುತ್ತಿತ್ತು, ನಕ್ಕರು. ಆದರೆ ಅವರ ಕಣ್ಣು ಮಾವನವರ ಮೇಲೆ ಹೋಯಿತು. ಅಕ್ಕಲಕೋಟೆಯಿಂದ ಇಲ್ಲಿಯತನಕ ಅವರ ಬಲಗೈ ಎದೆಯಿಂದ ಇಳಿದಿರಲಿಲ್ಲ.

"ಒಳಗ ಏನದ, ಬಡೇ ಮಿಯಾ?"

"ಏನೂ ಇಲ್ರಿ. ಪ್ರಸಾದ."

"ತೋರಸ್ರಿ."

ಮಾವನವರ ಹಣೆಯ ಮೇಲೆ ಬೆವರು. ನಮ್ಮವರ ಮುಖ ಸುಣ್ಣವಾಯಿತು. ಅಫೀಮು ಒಯ್ಯುವವರನ್ನು ಇಲ್ಲಿ ಜೇಲಿಗೆ ಹಾಕುತ್ತಾರೆಂದು ನಾವು ಕೇಳಿದ್ದೆವು. ಸಿಪಾಯಿ ಕೋಟಿನ ಒಳಕಿಸೆಗೆ ಕೈ ಹಾಕಿ ಬಾಳೆ ಎಲೆಯ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ಮೆಣಸಿನಕಾಯಿ ಭಜಿ. ಕೋಟಿನ ಎದೆಯ ಮೇಲೆ ಅಂಗೈಯಗಲ ಎಣ್ಣೆಯ ಕಲೆ.

ಅಧಿಕಾರಿ ಭಜಿ ನೋಡಿದರು, ಮಾವನವರನ್ನು ನೋಡಿದರು. "ಭಜಿ ಮ್ಯಾಲ ನಮ್ಮ ಸರಕಾರ ಸುಂಕ ಹಾಕಿಲ್ಲ. ಇಷ್ಟ ಅಂಜಿ ಮುಚ್ಚಿಡೂದ್ಯಾಕ?"

ಮಾವನವರು ನನ್ನ ಕಡೆ ಬೆರಳು ಮಾಡಿದರು. "ನಿಮ್ಮ ಸರಕಾರದ ಅಂಜಿಕಿ ಅಲ್ರಿ ಸಾಹೇಬ್ರ. ಈ ಸರಕಾರದ ಅಂಜಿಕಿ."

ನಾಕಾಕ್ಕೆ ನಾಕಾವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ನಗಲಿಲ್ಲ. ಸೆರಗು ಸರಿಪಡಿಸಿಕೊಂಡು ಹುಣ್ಣಿನ ಸಂಗತಿ, ವಾಡಿಯ ಸಂಗತಿ, ಮಂಟಪದ ಸಂಗತಿ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅಧಿಕಾರಿಯ ನಗೆ ಇಳಿಯಿತು. ಎದ್ದು ನಿಂತು ಗಂಭೀರವಾಗಿ, "ಜಪ್ತ್!" ಎಂದರು. ಸಿಪಾಯಿಗಳು ಆ ಭಜಿಗಳನ್ನು ಸರಕಾರದ ಪರವಾಗಿ ಅಲ್ಲೇ ತಿಂದು ಮುಗಿಸಿದರು. ಕಾಲ ಬುಡದ ಚಕ್ಕಲಿ, ಶೇಂಗಾ ಚಟ್ನಿಯ ಗಂಟುಗಳನ್ನೂ ನಾನು ಅವರ ಮುಂದೆ ಬಿಚ್ಚಿದೆ. ಬುತ್ತಿ ಬಿಚ್ಚಿದಲ್ಲಿ ಕಂಡವರಿಗೆ ಮೊದಲು! ಅಧಿಕಾರಿಗೆ ಮಾತ್ರ ದಶಮಿಯ ಮೇಲೆ ಗುರೆಳ್ಳು ಪುಡಿ ಹಾಕಿ ಕೊಟ್ಟೆ. ಅವರು ತಿಂದು, ಬೆರಳು ನೆಕ್ಕಿ, ಬರಿದಾದ ಅರಿವೆಯಲ್ಲಿ ಬೊಗಸೆ ಖಜೂರ ಹಾಕಿ ಮಡಚಿ ಕೊಟ್ಟರು.

"ಬಡೇ ಮಿಯಾ, ಈ ಸರಕಾರದ ಕಾಯದೆ ಪಾಲಸ್ರಿ" ಎಂದರು. ಇಡೀ ನಿಜಾಮಶಾಹಿ ನನ್ನ ಬೆನ್ನಿಗೆ ನಿಂತ ಹಾಗೆ ಅನಿಸಿತು. ಮೋಟಾರಿನಲ್ಲಿ ಈಗ ನನ್ನ ಬುತ್ತಿಯ ಹೊರತು ಬೇರೆ ಏನೂ ಉಳಿದಿರಲಿಲ್ಲ.

ಹುಮನಾಬಾದ

ಗೆದ್ದೆ ಎಂದು ಬೀಗಬಾರದು. ಹುಮನಾಬಾದ ಇನ್ನೂ ದೂರವಿರುವಾಗ ಮೋಟಾರು ಕುದಿಯತೊಡಗಿತು. ಮೂಗಿನಿಂದ ಹಬೆ ಬಿಡುತ್ತ ಕೋಣದಂತೆ ನಿಂತುಬಿಟ್ಟಿತು. ನಮ್ಮವರು ಅವಸರದಲ್ಲಿ ಗಡಿಗೆ ಎತ್ತಿ ಸುರಿದೇ ಸುರಿದರು. ಹುಳಿ ವಾಸನೆ ಬಂದಾಗಲೇ ಗೊತ್ತಾದದ್ದು, ಅದು ನೀರಿನ ಗಡಿಗೆಯಲ್ಲ.

"ಮಾವಾರಿಗಿ ಇಟ್ಟ ಮಜ್ಜಿಗಿ ಮೋಟಾರಿಗಿ ಕುಡಿಸಿದ್ರೇನ್ರಿ!"

"ಅದಕ್ಕೂ ಹೊಟ್ಟಿ ಉರೀತಿತ್ತಲ್ಲ" ಎಂದರು ಮಾವನವರು. ಬಾವಿ ಸಿಕ್ಕಲ್ಲಿ ತೊಳೆದು ತೊಳೆದು ನೀರು ತುಂಬಿದೆವು. ಆದರೂ ಹೈದರಾಬಾದ ಮುಟ್ಟುವವರೆಗೆ ಮೋಟಾರು ಮಜ್ಜಿಗೆ ಕಡೆಯುವ ಮನೆಯಂತೆ ನಾರುತ್ತಿತ್ತು.

ಬೈಗಿಗೆ ಹುಮನಾಬಾದದ ಧರ್ಮಶಾಲೆಯಲ್ಲಿ ಇಳಿದೆವು. ಎದುರಿಗೇ ಒಬ್ಬ ಬಾಣಲೆ ಇಟ್ಟು ಭಜಿ ಕರಿಯುತ್ತಿದ್ದ. ಮಾವನವರು ಕಟ್ಟೆಯ ಮೇಲೆ ಕುಳಿತು ಅತ್ತ ನೋಡಿದರು. ಕಣ್ಣಲ್ಲಿ ಹಸಿವೆ.

"ಮಜ್ಜಿಗಿ ಇಲ್ಲ. ಅಳ್ಳಿಟ್ಟ ಒಣಾನs ನುಂಗಲೇನ ಕಾಶವ್ವಾ? ಎರಡs ಎರಡ ಭಜಿ..."

ಒಣ ಹಿಟ್ಟು ಅವರಿಗೆ ಇಳಿಯದು, ಹಸಿದ ಹೊಟ್ಟೆಯಲ್ಲಿ ಮಲಗಿದರೂ ಹುಣ್ಣು ಕೆರಳುತ್ತದೆ. ಧರ್ಮಶಾಲೆಯ ಆಚೆ ಮೂಲೆಯಲ್ಲಿ ಬೀದರ ಕಡೆಯ ಒಬ್ಬ ಹೆಣ್ಣುಮಗಳು ಗಾಡಿಯ ಪಕ್ಕ ಒಲೆ ಹೂಡಿದ್ದಳು. ಗುರುತಿಲ್ಲ, ಹೆಸರು ಗೊತ್ತಿಲ್ಲ. ಬುತ್ತಿ ಎತ್ತಿಕೊಂಡು ಹೋಗಿ ಆಕೆಯ ಮುಂದೆಯೇ ಗಂಟು ಬಿಚ್ಚಿ, ದಶಮಿ, ಹೆಸರಿನ ಉಂಡಿ ಇಟ್ಟೆ. ನಾನು ಕೇಳಲೇ ಇಲ್ಲ. ಆಕೆ ನನ್ನ ಮುಖ ನೋಡಿದಳು, ಕಟ್ಟೆಯ ಮೇಲಿದ್ದ ಹಿರಿಯರನ್ನು ನೋಡಿದಳು. "ಅರಿವಿ ಖಾಲಿ ಒಯ್ಯಬ್ಯಾಡ್ರಿ ಅಕ್ಕಾ" ಎಂದು ಒಂದು ಪರಾತದ ತುಂಬ ಕೆನೆಮೊಸರು ತಂದುಕೊಟ್ಟಳು. ಅದೇ ಮಾತು! ಕುಂಭಾರಿಯ ಮುದುಕಿ ಆಡಿದ್ದೇ ಮಾತು, ಇನ್ನೊಂದು ರಾಜ್ಯದಲ್ಲಿ, ಇನ್ನೊಂದು ಬಾಯಲ್ಲಿ.

ಮೊಸರಿನಲ್ಲಿ ಕಲಸಿದ ಅಳ್ಳಿಟ್ಟನ್ನು ಮಾವನವರು ಎರಡು ಸಲ ನೀಡಿಸಿಕೊಂಡರು. ಮುಂಜಾನೆ ಎದ್ದವರೇ ಹೊಟ್ಟೆಯ ಮೇಲೆ ಕೈಯಾಡಿಸಿ, "ಕಾಶವ್ವಾ, ಎಷ್ಟೋ ದಿನದ ಮ್ಯಾಲ ಉರಿ ಇಲ್ಲದ ನಿದ್ದಿ ಬಂತು" ಎಂದರು. ಆ ಮಾತಿಗೆ ನನಗೆ ಆದ ಸಂತೋಷ ಇಷ್ಟೇ ಎಂದು ಹೇಳಲಾರೆ.

ಹೈದರಾಬಾದ

ಊರು ದೊಡ್ಡದು, ಬೀದಿ ಅಗಲ, ಮೋಟಾರಿಗೂ ಪರದೆ ಕಟ್ಟುವ ಜನ. ಒಂದು ಓಣಿಯ ಬಾಯಲ್ಲಿ ಎರಡು ಟಾಂಗಾಗಳವರು "ಮೊದಲು ತಾವು, ಮೊದಲು ತಾವು" ಎಂದು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ನಿಂತು, ನಮ್ಮನ್ನೂ ನಿಲ್ಲಿಸಿದರು. ಸೊಲ್ಲಾಪುರದಲ್ಲಾಗಿದ್ದರೆ ಬೈದಾಡಿ ಎಂದೋ ದಾಟಿರುತ್ತಿದ್ದರು.

ಅತ್ತೆಯವರ, ಎಂದರೆ ಮಾವನವರ ತಂಗಿಯ, ಬಾಗಿಲಲ್ಲಿ ರಂಗೋಲಿ ಇತ್ತು. ಮಾವನವರು ಯಾರ ಕೈಯನ್ನೂ ಹಿಡಿಯದೇ ಇಳಿದರು. ಕೋಲನ್ನು ಮೋಟಾರಿನಲ್ಲೇ ಬಿಟ್ಟರು. ಅತ್ತೆಯವರು ಓಡಿಬಂದು ಅಣ್ಣನ ಎದುರು ನಿಂತರು. "ನಿಂತs ಬಂದೀನಿ ನೋಡವಾ" ಎಂದರು ಮಾವನವರು. ಅಣ್ಣ ತಂಗಿ ಇಬ್ಬರೂ ಅತ್ತರು, ಅವರನ್ನು ನೋಡಿ ನಾನೂ ಅತ್ತೆ.

ಲಗ್ನದ ಹೊತ್ತಿನಲ್ಲಿ ಮಂತ್ರ ಹೇಳುವವರಿಗೆ ಅವಸರವೇ ಇರಲಿಲ್ಲ. ನಾನು ಮದುಮಗಳನ್ನು ನೋಡಲಿಲ್ಲ, ವರನನ್ನು ನೋಡಲಿಲ್ಲ, ಮಾವನವರ ಮೊಣಕಾಲುಗಳನ್ನೇ ನೋಡುತ್ತ ನಿಂತೆ. ಅವು ನಡುಗಲಿಲ್ಲ. ಅಕ್ಕಿಕಾಳು ಬಿದ್ದವು, ವಾದ್ಯ ಮೊಳಗಿತು, ಬೀಗರು ಬಂದು ಸೋದರಮಾವನಿಗೆ ಜರಿಯಂಚಿನ ಹೊಸ ರುಮಾಲು ಕೊಟ್ಟು ಮಾನ ಮಾಡಿದರು. ಅವರು ಅದನ್ನು ಸುತ್ತಿಕೊಳ್ಳದೇ ಕಂಕುಳಲ್ಲಿ ಇಟ್ಟುಕೊಂಡರು. ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಊಟಕ್ಕೆ ಕುಳಿತಾಗ ಎಲೆಯ ಮೇಲೆ ಬಿಸಿ ಭಜಿ ಬಿತ್ತು. ಬಡಿಸುವ ಸಾಲಿನಲ್ಲಿದ್ದ ನಾನು ಬಡಿಸುವುದನ್ನು ಬಿಟ್ಟು ನಿಂತೆ. ಮಾವನವರು ಭಜಿಯನ್ನು ನೋಡಿದರು, ಬಹಳ ಹೊತ್ತು ನೋಡಿದರು, ಆಮೇಲೆ ಎತ್ತಿ ಪಕ್ಕದವರ ಎಲೆಗೆ ದಾಟಿಸಿದರು.

"ಕಾಶವ್ವಾ, ನನ್ನ ದಶಮಿ ಎಲ್ಲಿ ಅದ? ತಗೊಂಡ ಬಾ."

ಹೈದರಾಬಾದಿನ ಮದುವೆ ಪಂಕ್ತಿಯ ನಡುವೆ ಸೊಲ್ಲಾಪುರದ ಜೋಳದ ದಶಮಿ ಬಡಿಸಿದವಳು ನಾನೊಬ್ಬಳೇ ಇರಬೇಕು.

ಮತ್ತೆ ಸೊಲ್ಲಾಪುರ

ತಿರುಗಿ ಬರುವಾಗ ಮಾವನವರು ಅಕ್ಕಲಕೋಟೆಯಲ್ಲಿ ಇಳಿಯಲಿಲ್ಲ. "ಮೊದಲ ಸೊಲ್ಲಾಪುರ" ಎಂದು ಹಟ ಹಿಡಿದರು. ಕುಂಭಾರಿಯ ಬೇವಿನ ಗಿಡದ ಹತ್ತಿರ ಆ ಮುದುಕಿ ಸಿಕ್ಕಳು. "ಹೂಂ ಆಯಿ, ಅಲ್ಲೀನೂ ಜ್ವಾಳಾನs" ಎಂದು ಕೂಗಿ ಹೇಳಿದೆ.

ಭಾವನವರು ಮನೆಯ ಮೆಟ್ಟಿಲ ಮೇಲೆಯೇ ನಿಂತಿದ್ದರು. ಮಾವನವರು ನಡೆದು ಹೋಗಿ ಬುತ್ತಿಯ ಅರಿವೆಯನ್ನು ಅವರ ಕೈಗಿಟ್ಟರು. ತಿರುಗಿ ಬರುವಾಗ ನಾನು ಹುಮನಾಬಾದದಿಂದ ಹುಡುಕುತ್ತಿದ್ದ ಅರಿವೆ ಅದು, ಯಾವಾಗ ಎತ್ತಿಕೊಂಡಿದ್ದರೋ.

"ಗಂಟ ಬಿಚ್ಚು."

ಭಾವನವರು ಬಿಚ್ಚಿದರು. ಒಳಗೆ ಜರಿಯಂಚಿನ ರುಮಾಲು, ಮಡಿಕೆ ಮುರಿಯದ್ದು.

"ಬುತ್ತಿ ಅರಿವಿ ಖಾಲಿ ಬರಬಾರದು" ಎಂದರು ಮಾವನವರು, ಓಣಿಗೆಲ್ಲ ಕೇಳುವಂತೆ. "ಮಂಟಪದಾಗ ನಿಂತಾಂವ ನಾನು. ನಿಲ್ಲಿಸಿದಾಕಿ ಕಾಶವ್ವ. ಮಾನ ಯಾರದಪಾ? ಅದಕ್ಕs ನಾ ಸುತ್ತಿಕೊಂಡಿಲ್ಲ."

ನಾನು ಬಾಗಿಲ ಮರೆಗೆ ಓಡಿದೆ. ಕೈಯಲ್ಲಿ ಉಗ್ರಾಣದ ಕೀಲಿ ಇತ್ತು, ಅದನ್ನು ಅಷ್ಟು ಗಟ್ಟಿಯಾಗಿ ನಾನು ಎಂದೂ ಹಿಡಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಆಚೆ ಕಡೆಯಿಂದ ಕೆಮ್ಮಿದ ಸದ್ದು. ಭಾವನವರು ಬಾಗಿಲ ಹತ್ತಿರ ಬಂದು ನಿಂತಿದ್ದರು, ರುಮಾಲನ್ನು ಹೊಸ್ತಿಲ ಈಚೆ ಇಟ್ಟರು.

"ಕಾಶವ್ವಾ, ನಾಳಿ ನಾ ಮೋಟಾರ ತಗೊಂಡ ವಿಜಾಪುರಕ್ಕ ಹೊಂಟೀನಿ. ಇತ್ತಿತ್ತಲಾಗ ನನಗೂ ಜರಾ ಎದಿ ಉರೀತದ. ಒಂದೀಟು ಬುತ್ತಿ..."

"ಕಟ್ತೀನಿ ಭಾವಾರ. ಖಾರ ಇರೂದಿಲ್ಲ ನೋಡ್ರಿ."

"ಖಾರ ಬ್ಯಾಡs ಬ್ಯಾಡ" ಎಂದರು ಭಾವನವರು.